ಒರಟಮ್ಮ ಹುಟ್ಟಿದ್ದು ಹೀಗೆ

"ಹೋಗ್ಬೇಡಮ್ಮಾ, ಒರಟಮ್ಮ ಹಿಡ್ಕೋತಾಳೆ!" ನಾಲ್ಕು ವರ್ಷದ ಗುಬ್ಬಿ ತಾಯಿಯ ಕಾಲಿಗೆ ಜಿಗಣೆಯಂತೆ ಅಂಟಿಕೊಂಡಿತ್ತು. ಕೆಳಗೆ ಕಾರ್ಖಾನೆಯ ವ್ಯಾನು ಎರಡು ಸಲ ಹಾರನ್ ಹೊಡೆದು ಹೊರಟೇ ಹೋಯಿತು.

ಗುಬ್ಬಿಯ ತಾಯಿ ಅಜ್ಜಿಯ ಮೇಲೆ ಹರಿಹಾಯ್ದಳು. "ಮೂರು ದಿನದಿಂದ ಇದೇ ಗೋಳು. ಊಟ ಮಾಡಿಸೋಕೆ ನಿನಗೆ ಬೇರೆ ಗುಮ್ಮ ಸಿಗಲಿಲ್ವೇನಮ್ಮ? ನಾಳೆಯಿಂದ ಇವಳನ್ನ ಶಿಶುವಿಹಾರಕ್ಕೆ ಹಾಕ್ತೀನಿ, ಅಷ್ಟೇ."

ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದ ಅಜ್ಜಿಯ ಕೈ ನಿಂತಿತು. ಗುಬ್ಬಿಯಿಲ್ಲದ ಹಗಲೆಂದರೆ ಆ ಮನೆಯಲ್ಲಿ ಹೊಲಿಗೆ ಯಂತ್ರದ ಸದ್ದೊಂದೇ.

ಒರಟಮ್ಮನನ್ನು ಅವಳೇನು ಕಟ್ಟಿ ಹೇಳಿದ್ದಲ್ಲ. ಚಿಕ್ಕಂದಿನಲ್ಲಿ ತಾನೇ ಆ ಹೆಸರಿಗೆ ಹೆದರಿದ್ದಳು. ನೂಲಿನ ಗಿರಣಿಯಿಂದ ಅಪ್ಪ ಬರುವುದು ತಡವಾದರೆ ಅಮ್ಮ ಒಲೆಯ ಮುಂದಿನಿಂದಲೇ, "ಒರಟಮ್ಮ ಹಿಡ್ಕೊಂಡಿರ್ಬೇಕು" ಎನ್ನುತ್ತಿದ್ದಳು. ಅಪ್ಪ ಬಂದಾಗ ತಲೆ, ಹುಬ್ಬು, ಮೀಸೆಗೆಲ್ಲ ಹತ್ತಿಯ ಎಳೆ. ಒರಟಮ್ಮನ ಜೊತೆ ಗುದ್ದಾಡಿ ಅವಳ ನರೆಗೂದಲು ಕಿತ್ತು ತಂದಿದ್ದಾನೆಂದು ನಂಬಿ, ಪುಟ್ಟ ಹುಡುಗಿಯಾಗಿದ್ದ ಅಜ್ಜಿ ಅಪ್ಪನ ಮಡಿಲೇರಿ ಒಂದೊಂದೇ ಎಳೆ ಆರಿಸುತ್ತಿದ್ದಳು. ಅಪ್ಪ ಕಣ್ಣು ಮುಚ್ಚಿ ಅಲುಗಾಡದೆ ಕೂತಿರುತ್ತಿದ್ದ. ಅವನ ಮೈಯ ಯಂತ್ರದೆಣ್ಣೆಯ ವಾಸನೆ ಈಗಲೂ ಮೂಗಿಗೆ ಬಡಿದಂತಾಯಿತು.

ಅದೇ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಅಣ್ಣನಿಗೆ ಫೋನ್ ಮಾಡಿದಳು. "ಅಣ್ಣಾ, ಈ ಒರಟಮ್ಮ ಅಂದ್ರೆ ಯಾರೋ?"

ಅಣ್ಣ ಕೆಮ್ಮು ಬರುವಷ್ಟು ನಕ್ಕ. "ಅಯ್ಯೋ ಪೆದ್ದಿ! ಅದು ಓವರ್‌ಟೈಮು ಕಣೇ. ಅಮ್ಮನ ಬಾಯಲ್ಲಿ ಒರಟೇಮು ಆಗ್ತಿತ್ತು, ನಿನ್ನ ಕಿವೀಲಿ ಒರಟಮ್ಮ ಆದ್ಳು."

"ಗೊತ್ತಿದ್ದೂ ಹೇಳ್ಲಿಲ್ವಲ್ಲೋ!"

"ಹೇಳಿದ್ರೆ ನನಗೇ ನಷ್ಟ. ಅವಳ ಹೆಸರು ಹೇಳಿ ಎಷ್ಟು ಸಲ ನಿನ್ನ ಪಾಲಿನ ಕೆನೆ ತಿಂದಿದ್ದೀನಿ!"

ಫೋನ್ ಇಟ್ಟ ಮೇಲೂ ಅಜ್ಜಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅಪ್ಪನ ನೆನಪಾಯಿತು. ದಿನವಿಡೀ ನಿಂತ ಕಾಲಲ್ಲೇ ಅಪ್ಪ ಇನ್ನೂ ನಾಲ್ಕು ತಾಸು ನಿಲ್ಲುತ್ತಿದ್ದ. ಗುದ್ದಾಟ ಸುಳ್ಳೇನಲ್ಲ ಎನಿಸಿತು.

ತಾಯಿಯ ಕಾಲು ಬಿಡದ ಗುಬ್ಬಿಯ ಹತ್ತಿರ ಬಂದು ಕೂತಳು. "ಒರಟಮ್ಮ ಅನ್ನೋಳು ಯಾರೂ ಇಲ್ಲ ಕಂದಾ. ಕೆಲಸ ಜಾಸ್ತಿ ಇದ್ರೆ ನಿಮ್ಮಮ್ಮ ತಡವಾಗಿ ಬರ್ತಾಳೆ. ಅದಕ್ಕೆ ನಾನು ಹೆಸರು ತಪ್ಪು ಹೇಳ್ದೆ."

"ಕೆಲಸಕ್ಕೆ ಹಲ್ಲಿರುತ್ತಾ?"

"ಇಲ್ಲ."

"ನಮ್ಮ ಸೂಪರ್‌ವೈಸರ್‌ಗೆ ಇದೆ," ಎಂದಳು ಮಗಳು.

"ಸುಮ್ನಿರೇ ನೀನು!"

ಗುಬ್ಬಿ ಕಿಸಕ್ಕನೆ ನಕ್ಕಿತು. ಹಿಡಿತ ಸಡಿಲವಾಯಿತು. ಮಗಳು ಬಸ್ಸು ಹಿಡಿಯಲು ಚೀಲ ಹೆಗಲಿಗೇರಿಸಿದಳು.

"ಮತ್ತೆ... ಶಿಶುವಿಹಾರ?" ಎಂದಳು ಅಜ್ಜಿ, ಸೂಜಿಯ ಕಣ್ಣು ಹುಡುಕುತ್ತಾ.

"ಇವತ್ತು ಹೆದರಿಸದೆ ಊಟ ಮಾಡಿಸು ನೋಡೋಣ," ಎಂದು ಮಗಳು ಮೆಟ್ಟಿಲಿಳಿದಳು.