ನಾಲ್ಕು ಸಾಲಿನ ಮ್ಯಾಟ್ರಿಕ್ಸ್

ಹಲೀನಾ ಬೋರ್ಡಿನ ಮುಂದೆ ನಿಂತು ಮುಕ್ಕಾಲು ಗಂಟೆಯಾಗಿತ್ತು. ಗಣಿತದ ಪಿಎಚ್.ಡಿ. ಮುಂದುವರಿಯಬೇಕಾದರೆ ಈ ಮೌಖಿಕ ಪರೀಕ್ಷೆ ದಾಟಲೇಬೇಕು. ಒಮ್ಮೆ ಡುಮ್ಕಿ ಹೊಡೆದವಳಿಗೆ ಇದೇ ಕೊನೆಯ ಅವಕಾಶ. ಹೊರಗೆ ಪ್ರೇರಿ ಬಯಲಿನ ಫೆಬ್ರವರಿ ಹಿಮ. ಅವಳ ಕುತ್ತಿಗೆಯಲ್ಲಿ ಬೆವರು.

ಎದುರಿಗೆ ಇಬ್ಬರು ಪರೀಕ್ಷಕರು. ಪ್ರಶ್ನೆ ಕೇಳುತ್ತಿದ್ದವರು ವಯಸ್ಸಾದ ಪ್ರೊಫೆಸರ್ ಥೋರ್ಲಾಕ್ಸನ್. ಪಕ್ಕದಲ್ಲಿ ಪ್ರೊಫೆಸರ್ ಡೆಜಾರ್ಲೆ ಎಂಬಾಕೆ ತಲೆತಗ್ಗಿಸಿ ಬರೆದುಕೊಳ್ಳುತ್ತಿದ್ದರು.

"ಕೊನೇದು, ಸುಲಭದ್ದು," ಎಂದರು ಥೋರ್ಲಾಕ್ಸನ್. "ನಾಲ್ಕು ಸಾಲಿನ ಚೌಕ ಮ್ಯಾಟ್ರಿಕ್ಸ್ ಎ. ಐಗನ್ ಮೌಲ್ಯ ಮೂರು ಮಾತ್ರ. ಎ ಮೈನಸ್ ಮೂರು ಐ ಸೊನ್ನೆ ಅಲ್ಲ, ಅದರ ವರ್ಗ ಸೊನ್ನೆ. ಜೋರ್ಡನ್ ರೂಪ ಬರಿ."

ಮ್ಯಾಟ್ರಿಕ್ಸನ್ನು ಇನ್ನು ಒಡೆಯಲಾಗದ ತುಂಡುಗಳಾಗಿ ಬಿಡಿಸಿ ಕರ್ಣದುದ್ದಕ್ಕೂ ಜೋಡಿಸಬೇಕು. ಅತಿ ದೊಡ್ಡ ತುಂಡು ಎರಡು ಸಾಲಿನದ್ದೆಂದು ಹಲೀನಾಗೆ ಕೂಡಲೇ ತಿಳಿಯಿತು. ಮಿಕ್ಕಿದ್ದು ಎರಡು ಸಾಲು. ಅದು ಇನ್ನೊಂದು ಎರಡರ ತುಂಡಾಗಬಹುದು, ಒಂದೊಂದರ ಎರಡು ತುಂಡೂ ಆಗಬಹುದು. ಯಾವುದೆಂದು ಹೇಳುವುದು ಹೇಗೆ? ಪ್ರಶ್ನೆಯೇ ತಪ್ಪೋ, ತಾನೇ ಏನನ್ನೋ ಮರೆತೆನೋ?

"ಯಾಕಮ್ಮ, ಸೀಮೆಸುಣ್ಣ ಕಚ್ತಾ ಇದೆಯಾ?"

"ಸರ್... ಎರಡು ಉತ್ತರ ಸಾಧ್ಯ ಇದೆ."

"ಉತ್ತರ ಒಂದೇ. ಎರಡು, ಒಂದು, ಒಂದು. ಹೋದ ವರ್ಷಾನೂ ಒಬ್ಬ ಹೀಗೇ ವಾದ ಮಾಡಿದ. ಗಂಟುಮೂಟೆ ಕಟ್ಟಿದ."

ಆ ಒಬ್ಬ ಅವಳ ಪಕ್ಕದ ಮೇಜಿನ ವೆಂಡೆಲ್ ಫ್ರೀಸನ್. ಈಗ ಅಪ್ಪನ ಗೋಧಿ ಲಾರಿ ಓಡಿಸುತ್ತಿದ್ದ.

ಹೇಳಿದ್ದನ್ನು ಬರೆದರೆ ಸಾಕು, ಪಾಸು. ಹಲೀನಾ ಬೋರ್ಡಿನತ್ತ ತಿರುಗಿದಳು.

"ಬರೆದು ತೋರಿಸ್ತೀನಿ, ಸರ್. ಎರಡೇ ನಿಮಿಷ."

ಉತ್ತರಕ್ಕೆ ಕಾಯದೆ ಎರಡು ಮ್ಯಾಟ್ರಿಕ್ಸ್ ಬರೆದಳು. ಎರಡರಿಂದಲೂ ಮೂರು ಐ, ಅಂದರೆ ಕರ್ಣದ ಮೂರುಗಳನ್ನು, ಕಳೆದು ವರ್ಗ ಮಾಡಿದಳು. ಸೀಮೆಸುಣ್ಣ ಮುರಿಯಿತು, ಚೂರಿನಲ್ಲೇ ಮುಗಿಸಿದಳು. ಎರಡರಲ್ಲೂ ಸೊನ್ನೆ ಬಂತು. ಆದರೆ ಕಳೆದು ಉಳಿದಿದ್ದರಲ್ಲಿ ಸ್ವತಂತ್ರ ಸಾಲುಗಳ ಎಣಿಕೆ, ಅಂದರೆ ರ‍್ಯಾಂಕ್, ಬೇರೆ ಬೇರೆ.

"ಕಳೆದಾಗ ಇದರ ರ‍್ಯಾಂಕ್ ಒಂದು, ಅದರದ್ದು ಎರಡು. ರ‍್ಯಾಂಕ್ ಎಷ್ಟು ಅಂತ ನೀವು ಹೇಳಿ, ಯಾವ ರೂಪ ಅಂತ ನಾನು ಹೇಳ್ತೀನಿ."

ಡೆಜಾರ್ಲೆಯವರ ಪೆನ್ನು ನಿಂತಿತು. ಥೋರ್ಲಾಕ್ಸನ್ ಎದ್ದು ಬಂದು ಒಂದೊಂದೇ ಸಾಲಿನ ಮೇಲೆ ಬೆರಳಾಡಿಸಿದರು. ಎರಡು ಸಲ.

"ಇಪ್ಪತ್ತು ವರ್ಷ ಮೂರು ಸಾಲಿಂದೇ ಕೇಳ್ತಿದ್ದೆ," ಎಂದರು ಮೆಲ್ಲಗೆ. "ಅಲ್ಲಿ ಮಿಕ್ಕೋದು ಒಂದೇ ಸಾಲು, ಉತ್ತರಾನೂ ಒಂದೇ. ಹೋದ ವರ್ಷ ಸ್ವಲ್ಪ ಕಷ್ಟ ಮಾಡೋಣ ಅಂತ ನಾಲ್ಕು ಮಾಡಿದೆ. ಯೋಚನೆ ಮಾಡ್ಲಿಲ್ಲ."

"ಆ ಹುಡುಗ ಏನಂದಿದ್ದ?" ಡೆಜಾರ್ಲೆ ಕೇಳಿದರು.

"ಇವಳು ಅಂದಿದ್ದೇ. ಬರೆಯೋಕೆ ನಾನು ಬಿಡಲಿಲ್ಲ."

ಹಲೀನಾ ಸೀಮೆಸುಣ್ಣದ ಚೂರು ಕೆಳಗಿಟ್ಟು, "ವೆಂಡೆಲ್ ನಂಬರ್ ನನ್ನ ಹತ್ರ ಇದೆ, ಸರ್," ಎಂದಳು.

ಥೋರ್ಲಾಕ್ಸನ್ ಅಲ್ಲೇ ನಿಂತು ಫೋನ್ ಮಾಡಿದರು. ಆ ಕಡೆ ಲಾರಿ ಎಂಜಿನ್ನಿನ ಸದ್ದು.

"ವೆಂಡೆಲ್, ನಾನು ಥೋರ್ಲಾಕ್ಸನ್. ಅವತ್ತು ನೀನು ಹೇಳಿದ್ದು ಸರಿ. ತಪ್ಪು ನಂದು."

ಎಂಜಿನ್ ಆರಿತು, ಆಮೇಲೆ ದನಿ ಕೇಳಿಸಿತು: "ನನಗೆ ಅವತ್ತೇ ಗೊತ್ತಿತ್ತು, ಸರ್."

ಹಲೀನಾ ಪಾಸಾದಳು. ವೆಂಡೆಲ್ ಮೇ ತಿಂಗಳಲ್ಲಿ ಮತ್ತೆ ಪರೀಕ್ಷೆಗೆ ಬಂದ. ಪರೀಕ್ಷಕರಲ್ಲಿ ಥೋರ್ಲಾಕ್ಸನ್ ಇರಲಿಲ್ಲ. ತಾವಿರುವುದು ಬೇಡವೆಂದು ಅವರೇ ಬರೆದುಕೊಟ್ಟಿದ್ದರು.