ಅಕ್ಕನ ಕಂಪ್ಯೂಟರಿನ ಜಾಹೀರಾತುಗಳು

ಬ್ರೌಸರ್ ಪುಕ್ಕಟೆ ಸಿಗುತ್ತದೆ, ಆದರೆ ಪುಕ್ಕಟೆ ತಯಾರಾಗುವುದಿಲ್ಲ. ಕಚೇರಿಯ ಬಾಡಿಗೆ, ಕೆಲಸದವರ ಸಂಬಳ, ಹಗಲಿರುಳು ಓಡುವ ಸರ್ವರುಗಳ ಕರೆಂಟು, ಕೂತು ಕೂತು ಹಿಡಿದುಕೊಂಡ ಬೆನ್ನುಗಳ ಔಷಧಿ, ಎಲ್ಲವೂ ಯಾರದೋ ಕಿಸೆಯಿಂದ ಹೋಗಬೇಕು. ಹೆಚ್ಚಿನ ಕಡೆ ಅದು ಜಾಹೀರಾತಿನವರ ಕಿಸೆ. ಅವರು ನೋಡುವವರ ಕಣ್ಣುಗಳನ್ನು ತೂಗಿ ಕೊಳ್ಳುತ್ತಾರೆ. ಆ ತಕ್ಕಡಿಯಲ್ಲಿ ಬಸುರಿಯ ಕಣ್ಣಿಗೆ ಬೆಲೆ ಜಾಸ್ತಿ. ಅವಳು ಇನ್ನೂ ಎಷ್ಟೋ ವರ್ಷ ಕೊಳ್ಳುತ್ತಲೇ ಇರಬೇಕಲ್ಲ.

ಈ ಲೆಕ್ಕ ಜರಡಿಗೆ ಚೆನ್ನಾಗಿ ಗೊತ್ತಿತ್ತು. ಸಣ್ಣದೊಂದು ಬ್ರೌಸರ್ ಕಂಪನಿಯಲ್ಲಿ, ಪುಟದೊಳಗೆ ಏನನ್ನು ಬಿಡಬೇಕು, ಏನನ್ನು ತಡೆಯಬೇಕು ಎಂದು ಸೋಸುವುದು ಅವಳ ಕೆಲಸ. ಜೊತೆಯವರು ಇಟ್ಟ ಆ ಹೆಸರು ಮನೆಯಲ್ಲೂ ನಿಂತುಬಿಟ್ಟಿತ್ತು. ಭಾವನಂತೂ ಅವಳು ಬಂದಾಗಲೆಲ್ಲ ಟೀ ಸೋಸುವುದನ್ನೂ ಅವಳಿಗೇ ಒಪ್ಪಿಸುತ್ತಿದ್ದ.

ಕಳೆದ ಹತ್ತು ತಿಂಗಳಿಂದ ಭಾವ ಹಾಗೆಲ್ಲ ತಮಾಷೆ ಮಾಡುತ್ತಿರಲಿಲ್ಲ. ಅಕ್ಕನಿಗೆ ದಿನ ತುಂಬಿ ಹೆಣ್ಣುಮಗು ಹುಟ್ಟಿತ್ತು, ಸಂಜೆಯವರೆಗೂ ಉಳಿಯಲಿಲ್ಲ. ತೊಟ್ಟಿಲನ್ನು ಯಾರಿಗೋ ಕೊಟ್ಟರು, ಬಟ್ಟೆಗಳನ್ನು ಕಣ್ಣಿಗೆ ಬೀಳದಂತೆ ಅಟ್ಟಕ್ಕೆ ಹಾಕಿದರು. ಮಗುವಿನ ಮಾತು ಎತ್ತಬಾರದೆಂದು ಮನೆಯವರೆಲ್ಲ ಕಣ್ಣಲ್ಲೇ ಒಪ್ಪಂದ ಮಾಡಿಕೊಂಡರು. ಕಂಪ್ಯೂಟರಿಗೆ ಮಾತ್ರ ಈ ಒಪ್ಪಂದ ಗೊತ್ತಿರಲಿಲ್ಲ. ಬಸುರಿಯಾಗಿದ್ದಾಗ ಅಕ್ಕ ಯಾವುದೋ ತಾಣದಲ್ಲಿ ಹೆರಿಗೆಯ ತಾರೀಖು ಬರೆದಿದ್ದಳು. ಅಲ್ಲಿಂದ ಜಾಹೀರಾತುಗಳು ಬೆನ್ನು ಬಿಡಲಿಲ್ಲ. ಅಕ್ಕ ಮನೆಯಲ್ಲೇ ಹೊಲಿಗೆ ಮಾಡುವವಳು. ಕಾಲರಿನ ಮಾದರಿ ಹುಡುಕಲು ಕೂತರೆ ಪಕ್ಕದಲ್ಲಿ ಹಾಲಿನ ಬಾಟಲಿ, ಆಮೇಲೆ ಹಲ್ಲು ಬರುವಾಗ ಕಚ್ಚುವ ರಬ್ಬರಿನ ಬಳೆ, ಅದಾದ ಮೇಲೆ ಅಂಬೆಗಾಲಿನ ಮಕ್ಕಳಿಗೆ ಮೊಣಕಾಲುಪಟ್ಟಿ.

ಒಂದು ದಿನ ಭಾವ ಜರಡಿಯ ಕಚೇರಿಯ ಬಾಗಿಲಿಗೇ ಬಂದ. "ನಿಮ್ಮಕ್ಕ ಅದನ್ನ ನೋಡ್ತಾ ನೋಡ್ತಾ ಮಿಷನ್ ತುಳಿಯೋದೇ ನಿಲ್ಲಿಸಿಬಿಡ್ತಾಳೆ. ನೀನು ಊರಿಗೆಲ್ಲ ಸೋಸಿ ಕೊಡ್ತೀಯ. ಇದೊಂದನ್ನ ನಿಲ್ಲಿಸಮ್ಮ," ಎಂದ.

ಜಾಹೀರಾತು ತಡೆಯುವ ಸಾಧನವನ್ನು ಅಲ್ಲಿಯವರೆಗೆ ಬೇಕಾದವರು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಈಗ ಅದನ್ನು ಬ್ರೌಸರಿನೊಳಗೇ ಕೂರಿಸುವ ಕೆಲಸ ನಡೆದಿತ್ತು. ಸಂತೆಗೆ ಹೋದವರ ಬೆನ್ನಿಗೆ ಮೊದಲ ಅಂಗಡಿಯವನು ಗುಟ್ಟಾಗಿ ಒಂದು ಚೀಟಿ ಅಂಟಿಸಿ, ಉಳಿದ ಅಂಗಡಿಯವರೆಲ್ಲ ಅದನ್ನು ಓದಿಕೊಂಡು ಕರೆದ ಹಾಗೆ ಈ ಬೆನ್ನಟ್ಟುವವರ ಕಸುಬು. ಹೊಸ ಚೀಟಿ ಅಂಟದಂತೆ ತಡೆಯಬೇಕೆಂಬುದಕ್ಕೆ ಎಲ್ಲರೂ ಒಪ್ಪಿದ್ದರು. ಜನರ ಕಂಪ್ಯೂಟರುಗಳಲ್ಲಿ ಆಗಲೇ ಅಂಟಿಕೊಂಡಿದ್ದ ಹಳೆಯವನ್ನು ಏನು ಮಾಡುವುದು ಎಂಬಲ್ಲಿ ಜಗಳ ಬಿತ್ತು. ಬ್ರೌಸರಿನ ಹೊಸ ಆವೃತ್ತಿಯನ್ನು ಮೊದಲ ಸಲ ತೆರೆದಾಗಲೇ ಕೇಳದೆ ಕಿತ್ತುಹಾಕೋಣ ಎಂದಳು ಜರಡಿ. ಕಚೇರಿಯ ಹಿರಿಯ, ಅರ್ಧ ಕನ್ನಡಕದ ಮೇಲಿನಿಂದ ನೋಡುವ ಮನುಷ್ಯ, ಒಂದು ಮಾತು ಕೇಳಿಯೇ ಅಳಿಸೋಣ ಎಂದ.

"ಕಸ ಗುಡಿಸೋಕೂ ಅಪ್ಪಣೆ ಕೇಳ್ತಾರಾ ಸರ್?"

"ಕಸ ಯಾವುದು ಅಂತ ಮನೆಯವರನ್ನ ಕೇಳ್ತಾರಮ್ಮ."

ಉಳಿದವರು ನಕ್ಕರು, ಆದರೆ ಜರಡಿಯ ಪರವೇ ಕೈ ಎತ್ತಿದರು. ಕೇಳಿದರೆ ಯಾರೂ ಓದುವುದಿಲ್ಲ, ಸುಮ್ಮನೆ ಗುಂಡಿ ಒತ್ತುತ್ತಾರೆ ಎಂಬುದು ಅವರೆಲ್ಲರ ಅನುಭವ.

ಕೆಲಸ ಮುಗಿದ ವಾರವೇ ಜರಡಿ ಅಕ್ಕನ ಮನೆಗೆ ಹೋದಳು. ಅಕ್ಕ ಗಿರಾಕಿಯೊಬ್ಬಳ ಅಳತೆ ತೆಗೆಯುತ್ತಿದ್ದಾಗಲೇ ಕಂಪ್ಯೂಟರಿನಲ್ಲಿ ಅಕ್ಕ ಬಳಸುತ್ತಿದ್ದ ತಮ್ಮದೇ ಬ್ರೌಸರಿನ ಹೊಸ ಆವೃತ್ತಿ ಹಾಕಿ, ತೆರೆದು ನೋಡಿದಳು. ಪುಟ ಒಗೆದು ಹರವಿದ ಬಟ್ಟೆಯಂತೆ ಬಂತು. ಭಾವ ಅವಳ ಬೆನ್ನು ತಟ್ಟಿ, ಎಷ್ಟೋ ದಿನಗಳ ನಂತರ ಟೀ ಸೋಸಲು ಕಳಿಸಿದ.

ಅವಳು ಲೋಟ ಹಿಡಿದು ಹೊರಗೆ ಬರುವಾಗ ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಪುಟವನ್ನು ಮೇಲೆ ಎಳೆದಳು, ಕೆಳಗೆ ಎಳೆದಳು. ಇನ್ನೊಂದು ಪುಟ ತೆರೆದಳು.

"ಇಲ್ಲಿ ಶೂ ಬರ್ತಿತ್ತಲ್ಲ. ಎಲ್ಲಿ ಹೋಯ್ತು?"

ಇನ್ನು ಯಾವುದೂ ಬರುವುದಿಲ್ಲ, ಎಲ್ಲ ಅಳಿಸಿದ್ದೇನೆ ಎಂದಳು ಜರಡಿ. ಅಕ್ಕ ಬಯ್ಯಲಿಲ್ಲ. ಕುತ್ತಿಗೆಗೆ ಹಾಕಿಕೊಂಡಿದ್ದ ಅಳತೆಪಟ್ಟಿಯನ್ನು ತೆಗೆದು ಬೆರಳಿಗೆ ಸುತ್ತತೊಡಗಿದಳು.

"ಈ ತಿಂಗಳು ಶೂ ಬರೋಕೆ ಶುರುವಾಗಿತ್ತು. ಮೊದಲ ಹೆಜ್ಜೆ ಇಡೋರಿಗೆ ಅಂತ. ಅವಳಿಗೀಗ ಎಷ್ಟು ತಿಂಗಳು ಅಂತ ಅದಕ್ಕೊಂದಕ್ಕೇ ನೆನಪಿತ್ತು ನೋಡು. ನೀವ್ಯಾರೂ ಅವಳ ಮಾತೇ ಎತ್ತಲ್ಲ."

ಭಾವ ಕಿಟಕಿಯ ಕಡೆ ತಿರುಗಿದ. ಜರಡಿ ಲೋಟ ಕೆಳಗಿಟ್ಟು ಕೂತಳು. ತಡೆಯನ್ನು ತೆಗೆದಳು. ಜಾಹೀರಾತುಗಳು ಬಂದವು: ಕಾರಿನ ಟಯರು, ಮನೆಸಾಲ, ಕೂದಲಿಗೆ ಹಚ್ಚುವ ಬಣ್ಣ. ಅಕ್ಕ ಯಾರೆಂದು ಅವಕ್ಕೆ ಗೊತ್ತಿರಲಿಲ್ಲ. ಕಿತ್ತ ಚೀಟಿಯನ್ನು ಮತ್ತೆ ಅಂಟಿಸಲು ಬರುವುದಿಲ್ಲವೆಂದು ಜರಡಿಗಿಂತ ಚೆನ್ನಾಗಿ ಬಲ್ಲವರಿಲ್ಲ, ಹಾಗೆ ಬಾರದಂತೆ ಮಾಡಿದವಳೇ ಅವಳು. ಆದರೂ ಮಗುವಿನ ಸಾಮಾನುಗಳನ್ನು ಹುಡುಕುತ್ತಾ ಒಂದಾದ ಮೇಲೊಂದು ಅಂಗಡಿಯ ಪುಟ ತೆರೆದಳು. ಕೊನೆಗೆ ಪಕ್ಕದಲ್ಲೊಂದು ಚಿತ್ರ ಮೂಡಿತು. ಶೂ ಅಲ್ಲ. ಆಗತಾನೆ ಹುಟ್ಟಿದ ಮಗುವನ್ನು ಸುತ್ತುವ ಬಿಳಿಯ ಬಟ್ಟೆ, ಕೆಳಗೆ ಅಭಿನಂದನೆ.

ಅಕ್ಕ ಅದನ್ನು ತುಂಬ ಹೊತ್ತು ನೋಡಿದಳು.

"ಮುಚ್ಚೇ. ಅದು ಬೇರೆ ಮಗು," ಎಂದಳು.

ಮರುದಿನ ಜರಡಿ ಕಚೇರಿಯಲ್ಲಿ ತಾನೇ ಬರೆದದ್ದನ್ನು ಬದಲಿಸಿದಳು. ಹಳೆಯದನ್ನು ಅಳಿಸುವ ಮುನ್ನ ಬ್ರೌಸರ್ ಈಗ ಒಂದು ಮಾತು ಕೇಳುತ್ತದೆ.

ಬ್ರೌಸರ್ ಜನಕ್ಕೆ ಹಿಡಿಸಿತು. ಅಕ್ಕನ ಕಂಪ್ಯೂಟರಿನಲ್ಲಿ ಪುಟಗಳು ಬೇಗ ತೆರೆಯುತ್ತವೆ, ಯಾರೂ ಅವಳ ಬೆನ್ನು ಹತ್ತುವುದಿಲ್ಲ, ಹೊಲಿಗೆ ಮೊದಲಿಗಿಂತ ಹೆಚ್ಚು ಸಾಗುತ್ತದೆ. ಮಗು ಬೆಳೆಯುತ್ತಿದೆ ಎಂದು ನಂಬಿದ್ದದ್ದು ಲೋಕದಲ್ಲಿ ಆ ಹಳೆಯ ಚೀಟಿಯೊಂದೇ ಇತ್ತು, ಅದು ಹೋಯಿತು.