ಕಂಪನಿ ಕೊಡದ ಕಡ್ಡಿ

ನಾನು ಒಂದು ಕ್ಲಚ್ಚಿನ ಕಡ್ಡಿ. ಅರ್ಧ ಬೆರಳಿನ ಉದ್ದವೂ ಇಲ್ಲ. ನನ್ನನ್ನು ನೋಡಬೇಕೆಂದರೆ ಗೇಣುದ್ದದ ಒಂದು ಆಟಿಕೆ ಅಂಬಾಸಿಡರ್ ಕಾರಿನ ಬಾಗಿಲು ತೆರೆದು, ಒಂದು ಕಣ್ಣು ಮುಚ್ಚಿ, ಸ್ಟೇರಿಂಗಿನ ಬಲಕ್ಕೆ ಇಣುಕಬೇಕು. ಇಣುಕಿದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ, "ಇದೇನ್ರೀ ಇದು? ಇಲ್ಲಿ ಇರಬಾರದಲ್ಲ?" ಎಂದಿದ್ದಾರೆ. ಇರಬಾರದು ಅನ್ನಲು ಇವರು ಯಾರು? ಅದನ್ನು ಕೇಳಲಿಕ್ಕೇ ನಾನು ಬಾಯಿ ತೆರೆದಿದ್ದೇನೆ.

ಹುಟ್ಟಿದಾಗ ನಾನು ಸೇಫ್ಟಿ ಪಿನ್ನು. ಕಸ್ತೂರವ್ವನ ಹಸಿರು ಬಳೆಗಳಿಗೆ ಜೋತುಬಿದ್ದು ಹುಬ್ಬಳ್ಳಿಯೆಲ್ಲ ತಿರುಗಿದ್ದೇನೆ. ಕಸ್ತೂರವ್ವನ ಎಡಗಾಲು ಎಳವೆಯಲ್ಲೇ ಪೋಲಿಯೋದಿಂದ ಬತ್ತಿತ್ತು. ಆದರೂ ಆಕೆ ನಿಜವಾದ ಅಂಬಾಸಿಡರ್ ಓಡಿಸಿ, ಓಣಿಯ ಮಕ್ಕಳನ್ನು ಶಾಲೆಗೆ ಮುಟ್ಟಿಸಿ ತಂದು, ಬದುಕು ಕಟ್ಟಿದವಳು. ಕ್ಲಚ್ಚು ತುಳಿಯಲು ಎಡಗಾಲು ಬೇಕಲ್ಲ? ಅದಕ್ಕೆಂದೇ ಆಕೆಯ ಗಂಡ ಫಕೀರಪ್ಪ ಕ್ಲಚ್ಚಿನ ಪೆಡಲಿಗೆ ಒಂದು ಕಬ್ಬಿಣದ ಸಲಾಕೆ ಬೆಸುಗೆ ಹಾಕಿಸಿ, ಅದನ್ನು ಸ್ಟೇರಿಂಗಿನ ಬಲಕ್ಕೆ ಎತ್ತಿ ನಿಲ್ಲಿಸಿದ್ದ. ಬಲಗೈಯಿಂದ ಸಲಾಕೆ ಒತ್ತಬೇಕು, ಎಡಗೈಯಿಂದ ಗೇರು ಹಾಕಬೇಕು, ಆ ಒಂದು ಗಳಿಗೆ ಸ್ಟೇರಿಂಗಿಗೆ ಮೊಣಕೈ ಆನಿಸಬೇಕು. ಬೇಸಿಗೆಯಲ್ಲಿ ಕೈ ಸುಡುತ್ತದೆಂದು ಸಲಾಕೆಯ ತಲೆಗೆ ಆಕೆ ಕುಪ್ಪಸದ ಕೆಂಪು ಖಣದ ಚೂರು ಸುತ್ತಿದ್ದಳು.

ಗಾಡಿಗೆ ವಯಸ್ಸಾಯಿತು. ಗುಜರಿಗೆ ಹೋಯಿತು. ಗುಜರಿಯವನು ಮೊದಲು ಕೈ ಹಾಕಿದ್ದೇ ಆ ಸಲಾಕೆಗೆ. ಕಸ್ತೂರವ್ವ ಅತ್ತಳೇ ಎಂದು ಕೇಳಬೇಡಿ. "ಏ ಖೋಡಿ, ಸಾವಕಾಶ ತಗಿ! ಅದು ನನ್ನ ಕಾಲು," ಎಂದು ಅವನನ್ನು ಝಾಡಿಸಿದಳು. ಬಳೆಯಲ್ಲಿದ್ದ ನಾನು ಗಡಗಡ ಅಲುಗಾಡಿದೆ.

ಫಕೀರಪ್ಪ ಕಾರಿನ ಸೀಟುಗಳಿಗೆ ಗಾದಿ, ಕವರು ಹೊಲಿಯುವವನು. ಬಿಡುವಿನಲ್ಲಿ ಆಟಿಕೆ ಕಾರುಗಳ ಒಳಗನ್ನು ಕಟ್ಟುವುದು ಅವನ ಹುಚ್ಚು. ಅಂಗಡಿಯಿಂದ ತಂದ ಸಣ್ಣ ಅಂಬಾಸಿಡರ್ ಹೊರಗೆ ಥಳಥಳ. ಒಳಗೆ ಒಂದು ಕಪ್ಪು ಪ್ಲಾಸ್ಟಿಕ್ ಹಲಗೆ, ಅದೇ ಸೀಟಂತೆ! ಫಕೀರಪ್ಪ ಅದನ್ನು ಕಿತ್ತು ಬಿಸಾಕಿದ. ರೆಕ್ಸಿನ್ನಿನ ಬೆನ್ನು ಹೆರೆದು ತೆಳ್ಳಗೆ ಮಾಡಿ ಸೀಟು ಹೊಲಿದ. ಮೋಟಾರಿನ ತಾಮ್ರದ ತಂತಿ ಸ್ಟೇರಿಂಗ್ ಆಯಿತು. ಗುಂಡುಸೂಜಿಯ ತಲೆ ಗೇರಿನ ಗುಂಡಾಯಿತು. ಗುಳಿಗೆ ಪಟ್ಟಿಯ ಪ್ಲಾಸ್ಟಿಕ್ಕು ಮೀಟರಿನ ಗಾಜಾಯಿತು. ಪಾಲಿಶ್ ಕಾಗದಕ್ಕೆ ಕರಿ ಬಣ್ಣ ಬಳಿದು ನೆಲಕ್ಕೆ ಹಾಸಿದ.

ಎಲ್ಲವನ್ನೂ ಕಸ್ತೂರವ್ವನಿಗೆ ತೋರಿಸಬೇಕು. ಆಕೆ ಸುಮ್ಮನೆ ಒಪ್ಪುವವಳಲ್ಲ.

"ಸೀಟು ಭಾಳ ಉಬ್ಬೇತ್ರೀ. ನಾ ಕುಂತು ಕುಂತು ನನ್ನ ಕಡೆ ತಗ್ಗಿತ್ತು, ಮರ್ತೀರೇನು?"

ಫಕೀರಪ್ಪ ಗೊಣಗುತ್ತ ಚಮಚದ ಹಿಡಿಕೆಯಿಂದ ಸೀಟನ್ನು ಒತ್ತಿ ತಗ್ಗಿಸಿದ.

"ಈಗ ಸರಿ ಆತು. ಸಲಾಕಿ ಎಲ್ಲಿ?"

ಅವನು ತಲೆ ಕೆರೆದುಕೊಂಡ. ಆಕೆ ಬಳೆಯಿಂದ ನನ್ನನ್ನು ಬಿಚ್ಚಿ ಅವನ ಅಂಗೈಗೆ ಇಟ್ಟಳು. ಅವನು ಇಕ್ಕಳದಲ್ಲಿ ನನ್ನನ್ನು ಕತ್ತರಿಸಿ, ಬಗ್ಗಿಸಿ, ನೆಲಕ್ಕೆ ನಾಟಲೆಂದು ಬುಡವನ್ನು ಅರದಿಂದ ಚೂಪು ಮಾಡಿದ. ನೋವಾಯಿತು. ಆದರೆ ಕಸ್ತೂರವ್ವ ಅದೇ ಕೆಂಪು ಖಣದ ಒಂದು ಎಳೆ ಬಿಡಿಸಿ ನನ್ನ ತಲೆಗೆ ಸುತ್ತಿದಾಗ, ನಾನು ಇನ್ನು ಪಿನ್ನಲ್ಲ ಎಂದು ತಿಳಿಯಿತು.

ಧಾರವಾಡದಲ್ಲಿ ಸಣ್ಣ ಗಾಡಿ ಮಾಡುವ ಹವ್ಯಾಸಿಗಳ ಪ್ರದರ್ಶನ. ಹಿಂದಿನ ವರ್ಷ ಅಲ್ಲಿ, "ಗಾದಿ ಹೊಲಿಯವ್ರು ಬಂದ್ರು, ಕುರ್ಚಿ ಹರಿದಿದ್ರ ತೋರಿಸ್ರಿ," ಎಂದು ಫಕೀರಪ್ಪನನ್ನು ನೋಡಿ ನಕ್ಕಿದ್ದರು. ಈ ಸಲ ಮೊದಲ ಬಹುಮಾನ ತಂದೇ ತರುವುದಾಗಿ ಅವನು ಹಟ ತೊಟ್ಟಿದ್ದ.

ತೀರ್ಪುಗಾರ ಕಾಗವಾಡ ಸಾಹೇಬರು ಬ್ಯಾಟರಿಯ ಬೆಳಕು ಬಿಟ್ಟು ಒಳಗೆಲ್ಲ ನೋಡಿದರು. "ವಾ! ಇಂಥ ಕೆಲಸ ನಾ ನೋಡಿಲ್ಲ," ಎಂದರು. ಬೆಳಕು ನನ್ನ ಮೇಲೆ ಬಿತ್ತು. "ಇದೇನ್ರೀ? ಕಂಪನಿ ಗಾಡಿಯೊಳಗ ಇದು ಇಲ್ಲ. ಕಂಪನಿ ಮಾಡಿದಂಗ ಇರಬೇಕು ಅನ್ನೂದು ನಿಯಮ. ಇದೊಂದು ತಗೀರಿ, ಪಹಿಲೇ ನಂಬರ್ ನಿಮ್ಮದ. ನಾ ಊಟ ಮಾಡಿ ಬರ್ತೀನಿ, ಅಷ್ಟರಾಗ ವಿಚಾರ ಮಾಡ್ರಿ."

ಕಸ್ತೂರವ್ವ ಊರುಗೋಲು ಊರುತ್ತ ಅತ್ತ ಬೇರೆ ಮೇಜು ನೋಡುತ್ತಿದ್ದಳು. ಫಕೀರಪ್ಪ ಆಚೀಚೆ ನೋಡಿದ. ಚಿಮಟ ಹಾಕಿದ. ನನ್ನನ್ನು ಕಿತ್ತು ಅಂಗಿಯ ಕಿಸೆಗೆ ಹಾಕಿಕೊಂಡ. ಮಾಡಿದವನೇ ಕಿತ್ತನಲ್ಲ! ನನ್ನ ಸಿಟ್ಟು ನೆತ್ತಿಗೇರಿತು. ಬುಡ ಚೂಪಾಗಿತ್ತು, ಅವನ ಎದೆಗೆ ಚುಚ್ಚಿದೆ. ಅವನು ಹಲ್ಲು ಕಚ್ಚಿ ಕಿಸೆಯನ್ನು ಕೈಯಿಂದ ಒತ್ತಿ ಹಿಡಿದ.

ಕಸ್ತೂರವ್ವ ಬಂದಳು. ಬಗ್ಗಿ ನೋಡಿದಳು.

"ನನ್ನ ಸಲಾಕಿ ಎಲ್ಲಿ?"

"ಒಂದ ತಾಸಿನ ಮಾತು, ಕಸ್ತೂರಿ. ನಂಬರ್ ಕೊಟ್ಟ ಮ್ಯಾಲೆ ಮತ್ತ ಹಚ್ತೀನಿ."

"ಅಲ್ಲೀತನಕಾ ಗಾಡಿ ಯಾರು ಹೊಡೀತಾರ, ನೀವಾ? ನಿಮಗ ಸೈಕಲ್ ಸುದ್ದಾ ನೆಟ್ಟಗ ಬರಂಗಿಲ್ಲ."

ಪಕ್ಕದ ಮೇಜಿನವರು ಕಿಸಕ್ಕನೆ ನಕ್ಕರು.

"ಏ, ಮಂದಿ ಮುಂದ ನನ್ನ ಮರ್ಯಾದಿ ತಗೀಬ್ಯಾಡ."

"ನನ್ನ ಕಾಲು ಕಿತ್ತು ಕಿಸೆದಾಗ ಇಟ್ಕೊಂಡೀರಿ. ಮರ್ಯಾದಿ ಯಾರದು ಹೋತು?"

ಫಕೀರಪ್ಪನ ಮುಖ ಕಪ್ಪಿಟ್ಟಿತು. ಕಿಸೆಗೆ ಕೈ ಹಾಕಿದ. ಬೆರಳಿಗೂ ಚುಚ್ಚಿದೆ, ರಕ್ತ ಬಂತು. ಒರೆಸಿಕೊಳ್ಳದೆ ನನ್ನನ್ನು ಅದೇ ತೂತಿಗೆ ನಾಟಿ, ಗಟ್ಟಿ ಅಂಟಿನ ಟ್ಯೂಬನ್ನು ನನ್ನ ಬುಡಕ್ಕೆ ಹಿಂಡತೊಡಗಿದ. ಅಷ್ಟರಲ್ಲಿ ಸಾಹೇಬರು ಕೈ ಒರೆಸಿಕೊಳ್ಳುತ್ತ ಬಂದರು.

"ಅಯ್ಯ, ಹಚ್ಚಬ್ಯಾಡ್ರೀ! ನಂಬರ್ ಹೋಗ್ತೇತಿ."

"ಹೋಗ್ಲಿ ಬಿಡ್ರಿ," ಎಂದ ಫಕೀರಪ್ಪ, ತಲೆ ಎತ್ತದೆ. "ಕಂಪನಿ ಗಾಡಿ ನೋಡಬೇಕಂದ್ರ ಕಂಪನಿಗೆ ಹೋಗ್ರಿ. ಇದು ನನ್ನ ಹೇಣ್ತಿ ಗಾಡಿ."

ಟ್ಯೂಬು ಖಾಲಿಯಾಗುವವರೆಗೂ ಹಿಂಡಿದ. ಅಂಟು ಹರಿದು ನೆಲದ ಹಾಸು ಬೆಳ್ಳಗೆ ಕಲೆಗಟ್ಟಿತು. ಮೊದಲ ಬಹುಮಾನ ಇರಲಿ, ಸಮಾಧಾನಕರ ಬಹುಮಾನವೂ ಬರಲಿಲ್ಲ. ಕಂಪನಿ ಕೊಟ್ಟ ಹಾಗೇ ಇದ್ದ ಒಂದು ಜೀಪು ಗೆದ್ದಿತು. ಗೆಲ್ಲಲಿ. ಅದನ್ನು ಓಡಿಸಿದವರು ಯಾರು ಎಂದು ಕೇಳಿದರೆ ಆ ಜೀಪಿನ ಬಳಿ ಉತ್ತರವಿಲ್ಲ.

ಮರಳುವ ಬಸ್ಸಿನಲ್ಲಿ ಕಸ್ತೂರವ್ವ ಕಾರನ್ನು ಮಡಿಲಲ್ಲಿಟ್ಟುಕೊಂಡು ಕಿರುಬೆರಳಿನಿಂದ ನನ್ನನ್ನು ಒತ್ತಿದಳು. ನಾನು ಮಿಸುಕಲಿಲ್ಲ.

"ಕ್ಲಚ್ಚು ಭಾಳ ಬಿಗಿ ಆಗೇತಲ್ರೀ!"

"ಇನ್ನ ಆನಿ ಎಳದ್ರೂ ಬರಂಗಿಲ್ಲ," ಎಂದ ಫಕೀರಪ್ಪ. ಬೆರಳನ್ನು ಬಾಯಲ್ಲಿಟ್ಟುಕೊಂಡಿದ್ದ.

ವರ್ಷಗಳು ಕಳೆದವು. ಈಗ ನಾವು ಫಕೀರಪ್ಪನ ಅಂಗಡಿಯಲ್ಲಿ, ಫೋಮಿನ ಸುರುಳಿಗಳ ನಡುವೆ ಒಂದು ಹಲಗೆಯ ಮೇಲಿದ್ದೇವೆ. ರೆಕ್ಸಿನ್ನನ್ನು ಜಿರಲೆ ತಿಂದಿದೆ. ಸ್ಟೇರಿಂಗ್ ಉದುರಿ ಕಸಬರಿಗೆಯ ಪಾಲಾಯಿತು. ಗೇರು ಬಿತ್ತು, ಮೀಟರಿನ ಗಾಜು ಬಿತ್ತು, ಒಂದು ಬಾಗಿಲೇ ಇಲ್ಲ. ನನ್ನ ತಲೆಯ ಕೆಂಪು ಮಾಸಿ ಕಂದಾಗಿದೆ.

ಮೊನ್ನೆ ಊರುಗೋಲು ಹಿಡಿದ ಒಬ್ಬ ಯುವತಿ ತಮ್ಮನ ಕಾರಿಗೆ ಸೀಟ್ ಕವರು ಹೊಲಿಸಲು ಬಂದಳು. ಕಾಯುತ್ತ ನಿಂತವಳು ಬಾಗಿಲಿಲ್ಲದ ಕಡೆಯಿಂದ ಒಳಗೆ ಇಣುಕಿದಳು. ಇದೇನು ಎಂದು ಕೇಳಲಿಲ್ಲ. ಬಹಳ ಹೊತ್ತು ನೋಡಿ, ತನ್ನ ಬಲಗೈಯನ್ನು ಗಾಳಿಯಲ್ಲಿ ಒಮ್ಮೆ ಮುಂದಕ್ಕೆ ಒತ್ತಿದಳು. ಹತ್ತನೆಯವಳು ಬಂದಿದ್ದಳು.

"ಅಕ್ಕಾರ, ಇದನ್ನ ಕಂಪನಿಯವ್ರು ಕೊಡ್ತಾರೇನ್ರೀ?"

"ಅವ್ರೇನ್ ಕೊಡ್ತಾರವ್ವಾ," ಎಂದಳು ಅಂಗಡಿಯ ಬಾಗಿಲಲ್ಲಿ ಕೂತಿದ್ದ ಕಸ್ತೂರವ್ವ, ಒಳಗಿದ್ದ ಗಂಡನಿಗೆ ಕೇಳುವ ಹಾಗೆ. "ನಾವ ಕೊಡ್ತೀವಿ. ಗಾಡಿ ತಗೊಂಡ್ ಬಾ."

ಕಂಪನಿಯ ಲೆಕ್ಕದಲ್ಲಿ ಇರಬೇಕಾದದ್ದೆಲ್ಲ ಉದುರಿಹೋಯಿತು. ಇರಬಾರದ ನಾನು ನಿಂತಿದ್ದೇನೆ. ಕೀಳುವವರು ಬರಲಿ, ನೋಡೋಣ.